ಕಾಂಟ್ ನಮ್ಮ ಅತ್ತೆಗೆ ಏನು ಹೇಳುತ್ತಿದ್ದ?

ಪ್ರಶ್ನೆ: ಡಿಗ್ರಿಯಲ್ಲಿ ಫಿಲಾಸಫಿ ಓದಿದ್ದೆ, ಈಗ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ನೀತಿ ಬುದ್ಧಿಯಿಂದ ಬರುತ್ತದೋ ಭಾವನೆಯಿಂದ ಬರುತ್ತದೋ ಅಂತ ನನಗೂ ಗೆಳೆಯನಿಗೂ ಯಾವಾಗಲೂ ವಾದ. ಬುದ್ಧಿ ಭಾವನೆಗಳ ಗುಲಾಮ ಅಂದ ಹ್ಯೂಮ್ ಅವನ ಕಡೆ. ನೀತಿಗೆ ಬುದ್ಧಿಯೇ ಬುಡ ಅಂದ ಕಾಂಟ್ ನನ್ನ ಕಡೆ. ಯಾರು ಸರಿ? ಇನ್ನೊಂದು ವಿಷಯ. ನಮ್ಮ ಸೋದರತ್ತೆಗೆ ಕ್ಯಾನ್ಸರ್. ಮನೆಯವರು ಅವರಿಗೆ ಹೇಳಿಲ್ಲ. ಕೇಳಿದರೆ "ಹೊಟ್ಟೆಯಲ್ಲಿ ಒಂದು ಗಡ್ಡೆ ಇದೆ, ವಾಸಿಯಾಗುತ್ತೆ" ಅನ್ನುತ್ತೇವೆ. ಕೊಲೆಗಾರ ಬಾಗಿಲಿಗೆ ಬಂದರೂ ಸುಳ್ಳು ಹೇಳಬೇಡ ಎಂದ ಕಾಂಟ್ ನಮಗೆ ಏನು ಹೇಳುತ್ತಿದ್ದ? ಅರಿಸ್ಟಾಟಲ್, ಮಿಲ್ ಬಗ್ಗೆಯೂ ಎರಡು ಮಾತು ಬರೆಯಿರಿ.

ಉತ್ತರ: ಅತ್ತೆಯ ವಿಷಯ ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದು ಮುಖ್ಯವಲ್ಲ ಅಂತಲ್ಲ, ಅದೇ ಮುಖ್ಯ. ಆದರೆ ಹ್ಯೂಮ್, ಕಾಂಟ್ ಇಬ್ಬರೂ ನಿಜವಾಗಿ ಏನು ಹೇಳಿದರು ಅಂತ ನೋಡದೆ ಅದಕ್ಕೆ ಕೈ ಹಾಕಿದರೆ ಕಾಂಟ್ ಹೆಸರಿನಲ್ಲಿ ನಾವೇ ಏನೋ ಹೇಳಿಬಿಡುತ್ತೇವೆ.

ಮೊದಲು ಒಂದು ಪದದ ತಕರಾರು. ಇಂಗ್ಲಿಷಿನ 'ರೀಸನ್' ಅನ್ನು ಕನ್ನಡದಲ್ಲಿ ಬುದ್ಧಿ, ತರ್ಕ, ವಿಚಾರ, ವಿವೇಕ ಅಂತ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ನಮ್ಮಲ್ಲಿ 'ವಿವೇಕ' ಅಂದರೇನೇ ಒಳ್ಳೆಯದು ಕೆಟ್ಟದ್ದು ತಿಳಿಯುವ ಶಕ್ತಿ. ಮಗನಿಗೆ ಬುದ್ಧಿ ಹೇಳಿದೆ ಅಂದರೆ ಗಣಿತ ಹೇಳಿಕೊಟ್ಟೆ ಅಂತಲ್ಲ. "ನಿಂಗೇನು ಬುದ್ಧಿ ಇಲ್ವಾ" ಅಂತ ಬೈದರೆ ಲೆಕ್ಕ ತಪ್ಪಿದೆ ಅಂತಲೂ ಅಲ್ಲ. ಅಂದರೆ ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ನಾವು ಅರ್ಧ ಕಾಂಟ್ ಪಾರ್ಟಿ. 'ಕರುಳು ಚುರ್ ಅಂತು' ಅಂದಾಗ ಹ್ಯೂಮ್ ಪಾರ್ಟಿ. ನೀವೂ ಗೆಳೆಯನೂ ಜಗಳ ಆಡುತ್ತಿರುವಾಗ ಅರ್ಧ ಜಗಳ ಈ ಪದಗಳದ್ದೇ ಇರಬಹುದು. ಹ್ಯೂಮ್ 'ರೀಸನ್' ಅಂದಾಗ ಅವನ ಮನಸ್ಸಿನಲ್ಲಿದ್ದದ್ದು ಲೆಕ್ಕ ಹಾಕುವ, ಕಾರಣ ಹುಡುಕುವ ಬುದ್ಧಿ ಅಷ್ಟೇ. ಕಾಂಟ್‌ನ 'ರೀಸನ್' ನಮ್ಮ ವಿವೇಕಕ್ಕೆ ಹತ್ತಿರ.

ಡೇವಿಡ್ ಹ್ಯೂಮ್ ಹುಟ್ಟಿದ್ದು 1711ರಲ್ಲಿ, ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ. ಮನುಷ್ಯ ಸ್ವಭಾವದ ಬಗ್ಗೆ ಅವನ ದೊಡ್ಡ ಪುಸ್ತಕ 1739–40ರಲ್ಲಿ ಹೊರಬಂತು. ಆಗ ಅವನಿಗೆ ಇನ್ನೂ ಮೂವತ್ತಾಗಿರಲಿಲ್ಲ. ಪುಸ್ತಕವನ್ನು ಯಾರೂ ಕೇಳಲಿಲ್ಲ. ಅದು ಅಚ್ಚಿನಿಂದ ಸತ್ತೇ ಹುಟ್ಟಿತು ಅಂತ ಆಮೇಲೆ ತಾನೇ ಬರೆದುಕೊಂಡ. ಆ ಗುಲಾಮನ ಮಾತು ಇರುವುದು ಇದರಲ್ಲೇ. ಅದರ ಪಕ್ಕದಲ್ಲೇ ಇನ್ನೂ ಬೆಚ್ಚಿಬೀಳಿಸುವ ಮಾತಿದೆ: ನನ್ನ ಬೆರಳು ತರಚುವುದಕ್ಕಿಂತ ಇಡೀ ಜಗತ್ತು ನಾಶವಾಗಲಿ ಅಂತ ನಾನು ಬಯಸಿದರೆ, ಅದು ಬುದ್ಧಿಗೆ ವಿರುದ್ಧವೇನೂ ಅಲ್ಲ.

ಹ್ಯೂಮ್ ಅದನ್ನು ಒಳ್ಳೆಯದು ಅನ್ನುತ್ತಿಲ್ಲ. ಹಾಗೆ ಬಯಸುವವನು ಭೀಕರ ಮನುಷ್ಯ, ಸರಿ. ಆದರೆ ಅವನ ತಪ್ಪು ಲೆಕ್ಕದ ತಪ್ಪಲ್ಲ. ನೀವು ಲೆಕ್ಕಪತ್ರ ನೋಡುವವರು, ನಿಮಗೆ ಸುಲಭವಾಗಿ ಗೊತ್ತಾಗುತ್ತದೆ. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಎಷ್ಟು ಉಳಿಯಿತು, ಎಲ್ಲವನ್ನೂ ಲೆಡ್ಜರ್ ಹೇಳುತ್ತದೆ. ಆ ದುಡ್ಡು ಕದ್ದದ್ದು, ಕದಿಯುವುದು ಅಸಹ್ಯ ಅಂತ ಯಾವ ಕಾಲಂನಲ್ಲಿ ಬರೆದಿರುತ್ತದೆ?

ಇದಕ್ಕೆ ಹ್ಯೂಮ್ ಕೊಡುವ ಉದಾಹರಣೆ ನನಗೆ ತುಂಬಾ ಇಷ್ಟ. ಒಂದು ಓಕ್ ಮರ. ಅದರ ಬೀಜ ಬುಡದಲ್ಲೇ ಬಿದ್ದು ಸಸಿಯಾಗುತ್ತದೆ. ಸಸಿ ಬೆಳೆದು ತಾಯಿಮರವನ್ನು ಮೀರಿಸಿ, ಕೊನೆಗೆ ಅದನ್ನೇ ಕೊಂದುಹಾಕುತ್ತದೆ. ಇನ್ನೊಂದು ಕಡೆ ಮಗ ತನ್ನ ಹೆತ್ತವರನ್ನು ಕೊಲ್ಲುತ್ತಾನೆ. ಎರಡರಲ್ಲೂ ಹುಟ್ಟಿಸಿದ್ದನ್ನು ಹುಟ್ಟಿದ್ದೇ ಕೊಂದಿತು. ಬುದ್ಧಿಗೆ ಕಾಣುವ ಸಂಬಂಧ ಎರಡು ಕಡೆಯೂ ಅದೇ. ಒಂದನ್ನು ಮಹಾಪಾಪ ಅನ್ನುತ್ತೇವೆ, ಇನ್ನೊಂದನ್ನು ನೋಡಿ ಸುಮ್ನೆ ಮುಂದೆ ಹೋಗುತ್ತೇವೆ. ಮರಕ್ಕೆ ಮನಸ್ಸಿಲ್ಲ, ಮಗನಿಗೆ ಇದೆ, ಅದೇ ವ್ಯತ್ಯಾಸ ಅಂತ ನೀವು ಹೇಳಬಹುದು. ಹ್ಯೂಮ್ ಅದಕ್ಕೂ ಸಿದ್ಧ. ಮನಸ್ಸು ಅನ್ನೋದು ಕೊಲೆಯ ಕಾರಣವನ್ನು ಬದಲಿಸಿತು, ಸಂಬಂಧವನ್ನಲ್ಲ. ಆ ಕೃತ್ಯವನ್ನು ಎಷ್ಟು ತಿರುಗಿಸಿ ನೋಡಿದರೂ 'ತಪ್ಪು' ಅನ್ನೋದು ಅದರಲ್ಲಿ ಸಿಗುವುದಿಲ್ಲ. ನಿನ್ನ ಎದೆಯ ಕಡೆ ತಿರುಗಿ ನೋಡು, ಅಲ್ಲಿ ಸಿಗುತ್ತದೆ ಅನ್ನುತ್ತಾನೆ.

ಆದರೆ ನಿಮ್ಮ ಗೆಳೆಯ ಇಲ್ಲೇ ನಿಂತುಬಿಟ್ಟರೆ ಹ್ಯೂಮ್‌ಗೆ ಅನ್ಯಾಯ. ಅವನು 'ಪ್ಯಾಶನ್' ಅಂದದ್ದನ್ನು ನಾವು ಕಾಮ ಕ್ರೋಧ ಅಂತ ಓದಿಕೊಳ್ಳುತ್ತೇವೆ. ಹ್ಯೂಮ್‌ನ ಪಟ್ಟಿಯಲ್ಲಿ ಮಕ್ಕಳ ಮೇಲಿನ ಪ್ರೀತಿ, ಬದುಕಬೇಕೆಂಬ ಆಸೆ, ಇನ್ನೊಬ್ಬರಿಗೆ ಒಳ್ಳೆಯದಾಗಲಿ ಅನ್ನೋ ಮನಸ್ಸು, ಎಲ್ಲವೂ ಇವೆ. ಇವು ಸದ್ದು ಮಾಡದ ಭಾವನೆಗಳು. ಸದ್ದು ಮಾಡುವುದಿಲ್ಲವಾದ್ದರಿಂದಲೇ ನಾವು ಅವನ್ನು 'ಬುದ್ಧಿ' ಅಂತ ತಪ್ಪು ತಿಳಿಯುತ್ತೇವಂತೆ.

ಭಾವನೆ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ ಅನ್ನೋದಕ್ಕೆ ಅವನು ತಂತಿಗಳ ಹೋಲಿಕೆ ಕೊಡುತ್ತಾನೆ. ಒಂದೇ ಬಿಗಿಯಲ್ಲಿ ಕಟ್ಟಿದ ತಂತಿಗಳಲ್ಲಿ ಒಂದನ್ನು ಮೀಟಿದರೆ ಉಳಿದವೂ ಮಿಡಿಯುತ್ತವೆ. ತಂಬೂರಿ ಶ್ರುತಿ ಮಾಡುವುದನ್ನು ಪಕ್ಕದಲ್ಲಿ ಕೂತು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿರದ ತಂತಿ ಜಾಸ್ತಿ ಮಿಡಿಯುತ್ತದೆ, ದೂರದ್ದು ಕಡಿಮೆ. ಹಾಗಾದರೆ ನಮ್ಮವರಿಗೊಂದು ನೀತಿ, ಊರವರಿಗೊಂದು ನೀತಿ ಆಗುವುದಿಲ್ಲವಾ? ಇದು ಹ್ಯೂಮ್‌ಗೂ ಗೊತ್ತು. ನಮ್ಮ ಮನೆಯಲ್ಲಿ ನಿಯತ್ತಾಗಿ ದುಡಿಯುವ ಆಳಿನ ಮೇಲೆ ನಮಗೆ ಪ್ರೀತಿ ಜಾಸ್ತಿ ಇರಬಹುದು, ಚರಿತ್ರೆಯಲ್ಲಿ ಓದಿದ ರೋಮಿನ ಮಾರ್ಕಸ್ ಬ್ರೂಟಸ್ ಮೇಲೆ ಅಷ್ಟು ಇರಲಿಕ್ಕಿಲ್ಲ. ಹಾಗಂತ ಆಳಿನ ಗುಣವೇ ಬ್ರೂಟಸ್‌ನ ಗುಣಕ್ಕಿಂತ ದೊಡ್ಡದು ಅಂತ ನಾವು ಹೇಳುವುದಿಲ್ಲ. ನಮ್ಮ ಜಾಗ ಬಿಟ್ಟು ಎಲ್ಲರಿಗೂ ಸಲ್ಲುವ ಒಂದು ಜಾಗದಲ್ಲಿ ನಿಂತು ತೂಗುತ್ತೇವೆ. ಈ ತೂಗುವ ಕೆಲಸದಲ್ಲಿ ಬುದ್ಧಿಯ ಪಾಲು ದೊಡ್ಡದು. ಗುಲಾಮ ಅಂದದ್ದು ನಿಜ, ಆದರೆ ಮನೆ ನಡೆಯುವುದೇ ಈ ಗುಲಾಮನಿಂದ.

ಈಗ ನಿಮ್ಮ ಕಡೆಗೆ ಬರುತ್ತೇನೆ.

ಇಮ್ಯಾನುಯೆಲ್ ಕಾಂಟ್ 1724ರಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿ ಅಲ್ಲೇ 1804ರಲ್ಲಿ ತೀರಿಕೊಂಡ. ಆ ಊರು ಈಗ ರಷ್ಯಾದ ಕಲಿನಿನ್‌ಗ್ರಾಡ್. ಅಪ್ಪ ಕುದುರೆಗೆ ಕಟ್ಟುವ ಚರ್ಮದ ಪಟ್ಟಿ ಮಾಡುವವನು. ಕಾಂಟ್ ಅಂದರೆ ಒಣ ಮನುಷ್ಯ ಅನ್ನೋ ಚಿತ್ರ ಅಂಟಿಕೊಂಡುಬಿಟ್ಟಿದೆ. ಆದರೆ ಒಬ್ಬನೇ ಊಟ ಮಾಡುವುದು ಅವನಿಗೆ ಸೇರುತ್ತಿರಲಿಲ್ಲ. ಊಟಕ್ಕೆ ಮೂವರಿಗಿಂತ ಕಡಿಮೆ ಇರಬಾರದು, ಒಂಬತ್ತು ಜನಕ್ಕಿಂತ ಜಾಸ್ತಿ ಇರಬಾರದು ಅಂತ ಲೆಕ್ಕ ಇಟ್ಟಿದ್ದ. ಪ್ರಶ್ನಿಸದೆ ನಂಬಿಕೊಂಡಿದ್ದ ನಿದ್ದೆಯಿಂದ ಹ್ಯೂಮ್ ತನ್ನನ್ನು ಎಬ್ಬಿಸಿದ ಅಂತ ಕಾಂಟ್ 1783ರಲ್ಲಿ ಬರೆದದ್ದು ನಿಮಗೆ ನೆನಪಿರಬಹುದು. ಪರೀಕ್ಷೆ ಪತ್ರಿಕೆಗಳಲ್ಲಿ ಇದನ್ನು ನೀತಿಯ ವಿಷಯಕ್ಕೆ ಅಂಟಿಸಿ ಬರೆದವರನ್ನು ವರ್ಷವರ್ಷವೂ ನೋಡಿದ್ದೇನೆ. ಆ ಮಾತು ಇದ್ದದ್ದು ಕಾರ್ಯ ಕಾರಣದ ಪ್ರಶ್ನೆಗೆ. ನೀತಿಯ ವಿಷಯದಲ್ಲಿ ಹ್ಯೂಮ್ ಮಾತು ಕಾಂಟ್‌ಗೆ ಸರಿಬರಲಿಲ್ಲ.

ಯಾಕೆ ಸರಿಬರಲಿಲ್ಲ? 1785ರ ಅವನ ಸಣ್ಣ ಪುಸ್ತಕದಲ್ಲಿ ಒಬ್ಬ ಅಂಗಡಿಯವನು ಬರುತ್ತಾನೆ. ಚಿಕ್ಕ ಮಗು ಸಾಮಾನಿಗೆ ಬಂದರೂ ಎಲ್ಲರಿಗೂ ಹೇಳುವ ಬೆಲೆಯನ್ನೇ ಹೇಳುತ್ತಾನೆ. ಒಳ್ಳೆಯವನು ಅಲ್ವಾ? ಇರಬಹುದು. ಮೋಸ ಮಾಡಿದರೆ ಗಿರಾಕಿ ತಪ್ಪುತ್ತಾರೆ ಅನ್ನೋ ಲೆಕ್ಕವೂ ಇರಬಹುದು. ಹಾಗಿದ್ದರೆ ಗಿರಾಕಿ ತಪ್ಪುವ ಭಯ ಇಲ್ಲದ ದಿನ ಆ ಮಗುವಿನ ಗತಿ ಏನು? ಅದೇ ಪುಸ್ತಕದಲ್ಲಿ ಇನ್ನೊಬ್ಬನಿದ್ದಾನೆ, ಸ್ವಭಾವದಿಂದಲೇ ಕರುಣೆಯಿರುವವನು. ಒಂದು ದಿನ ಅವನಿಗೇ ದೊಡ್ಡ ದುಃಖ ಬಂದು ಯಾರ ಕಷ್ಟವೂ ಮನಸ್ಸಿಗೆ ತಟ್ಟದ ಹಾಗಾಗುತ್ತದೆ. ತಂತಿ ಮಿಡಿಯುವುದೇ ನಿಂತುಹೋಗಿದೆ. ಆದರೂ ಎದ್ದುಹೋಗಿ ಸಹಾಯ ಮಾಡುತ್ತಾನೆ. ಕಾಂಟ್ ಬೆರಳಿಟ್ಟು ತೋರಿಸುವುದು ಇಲ್ಲಿಗೆ. ತಂತಿ ಮಿಡಿಯದ ದಿನವೂ ನನ್ನನ್ನು ಕಟ್ಟಿಹಾಕುವಂಥದ್ದು ಏನಿದೆ?

ಅವನ ಪರೀಕ್ಷೆ ನಿಮಗೆ ಗೊತ್ತೇ ಇದೆ: ನೀನು ನಡೆಯುವ ನಿಯಮ ಎಲ್ಲರಿಗೂ ನಿಯಮವಾಗಲಿ ಅಂತ ಬಯಸಬಲ್ಲೆಯಾ? ಇದನ್ನು 'ಎಲ್ಲರೂ ಹೀಗೆ ಮಾಡಿದರೆ ಎಷ್ಟು ನಷ್ಟ' ಅಂತ ಓದುವವರೇ ಜಾಸ್ತಿ. ಅದು ತಪ್ಪು. ಕೈಗಡ ಕೇಳುತ್ತೀರಿ, ವಾಪಸ್ ಕೊಡಲಿಕ್ಕೆ ಆಗುವುದಿಲ್ಲ ಅಂತ ಗೊತ್ತು, ಆದರೂ ಬರುವ ತಿಂಗಳು ಕೊಡುತ್ತೇನೆ ಅನ್ನುತ್ತೀರಿ. ಕಷ್ಟದಲ್ಲಿರುವವರೆಲ್ಲ ಹೀಗೆ ಹೇಳುವುದೇ ನಿಯಮವಾದರೆ, ಆ ಮಾತನ್ನು ನಂಬುವವರು ಯಾರೂ ಉಳಿಯುವುದಿಲ್ಲ. ನಂಬುವವರೇ ಇಲ್ಲದ ಮೇಲೆ ನಿಮ್ಮ ಸುಳ್ಳಿಗೆ ಕೆಲಸ ಎಲ್ಲಿದೆ? ಉಳಿದವರೆಲ್ಲ ನಿಜ ಹೇಳಲಿ, ನಾನೊಬ್ಬ ಮಾತ್ರ ಹೊರಗಿರುತ್ತೇನೆ ಅನ್ನೋದೇ ಇದರ ಒಳಗುಟ್ಟು. ನಷ್ಟದ ಮಾತು ಇಲ್ಲಿ ಬರುವುದೇ ಇಲ್ಲ, ನಿಯಮ ತನ್ನ ಕಾಲಡಿಯ ನೆಲವನ್ನು ತಾನೇ ಕೀಳುತ್ತದೆ.

ಹ್ಯೂಮ್ ವಿರುದ್ಧ ಕಾಂಟ್‌ನ ಗಟ್ಟಿ ಏಟು ಇರುವುದು 1788ರ ಪುಸ್ತಕದಲ್ಲಿ. ಆಸೆ ಬಂದರೆ ತಡೆಯಲಿಕ್ಕೇ ಆಗುವುದಿಲ್ಲ ಅನ್ನುವ ಒಬ್ಬ ಮನುಷ್ಯ. ಆ ಸುಖ ಪಡುವ ಮನೆಯೆದುರೇ ಗಲ್ಲುಗಂಬ ನಿಲ್ಲಿಸಿ, ಹೊರಗೆ ಬಂದ ಕೂಡಲೇ ನೇಣು ಅಂದರೆ? ತಡೆದುಕೊಳ್ಳುತ್ತಾನೆ, ಯೋಚಿಸಬೇಕಾದ್ದೇ ಇಲ್ಲ. ಇಲ್ಲಿಯವರೆಗೆ ಹ್ಯೂಮ್ ತಲೆಯಾಡಿಸುತ್ತಾನೆ. ಒಂದು ಆಸೆಯನ್ನು ಇನ್ನೊಂದು ಆಸೆ ತಡೆಯಿತು ಅಷ್ಟೇ. ಈಗ ರಾಜ ಅದೇ ಮನುಷ್ಯನನ್ನು ಕರೆಸಿ, ಒಬ್ಬ ಪ್ರಾಮಾಣಿಕನ ಮೇಲೆ ಸುಳ್ಳು ಸಾಕ್ಷಿ ಹೇಳು, ಇಲ್ಲದಿದ್ದರೆ ಅದೇ ನೇಣು ಅನ್ನುತ್ತಾನೆ. ಆಗ? ನಾನು ಖಂಡಿತ ಹೇಳುವುದಿಲ್ಲ ಅಂತ ಎದೆ ತಟ್ಟಿಕೊಳ್ಳುವ ಧೈರ್ಯ ಅವನಿಗೆ ಬರಲಿಕ್ಕಿಲ್ಲ. ಆದರೆ ಹೇಳದೆ ಇರಲು ಸಾಧ್ಯ ಅಂತ ಒಪ್ಪಿಕೊಳ್ಳಲೇಬೇಕು. ಬದುಕುವ ಆಸೆಗಿಂತ ದೊಡ್ಡ ಆಸೆ ಇಲ್ಲ ಅನ್ನೋದಾದರೆ, ಈ ಸಾಧ್ಯತೆ ಎಲ್ಲಿಂದ ಬಂತು?

ಕ್ಲಾಸಿನಲ್ಲಿ ಇದನ್ನು ಹೇಳಿದಾಗಲೆಲ್ಲ ಒಂದು ಕ್ಷಣ ಮೌನ ಆಗುತ್ತಿತ್ತು. ಆಮೇಲೆ ಯಾರಾದರೊಬ್ಬರು ಎದ್ದು "ಸರ್, ಅದು ಮರ್ಯಾದೆಯ ಭಯ ಇರಬಹುದಲ್ವಾ?" ಅನ್ನುತ್ತಿದ್ದರು. ಒಳ್ಳೆಯ ಪ್ರಶ್ನೆ. ಹ್ಯೂಮ್‌ನ ಉತ್ತರವೂ ಹೆಚ್ಚುಕಡಿಮೆ ಅದೇ: ತನ್ನ ಕಣ್ಣಲ್ಲಿ ತಾನು ಸಣ್ಣವನಾಗಬಾರದು ಅನ್ನೋದೂ ಒಂದು ಭಾವನೆ.

ಯಾರು ಸರಿ ಅಂತ ಕೇಳಿದ್ದೀರಿ. ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪಲೇಬೇಕು ಅಂತಿಲ್ಲ. ಇಬ್ಬರೂ ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡುತ್ತಿಲ್ಲ. ಹ್ಯೂಮ್ ಕೇಳಿದ್ದು, ಮನುಷ್ಯ ಯಾಕೆ ಕೈ ಚಾಚುತ್ತಾನೆ ಅಂತ. ಕಾಂಟ್ ಕೇಳಿದ್ದು, ಕೈ ಚಾಚಲು ಮನಸ್ಸೇ ಇಲ್ಲದವನಿಗೂ 'ಚಾಚಬೇಕು' ಅನ್ನುವ ಹಕ್ಕು ಆ ಮಾತಿಗೆ ಎಲ್ಲಿಂದ ಬಂತು ಅಂತ. ಮೊದಲ ಪ್ರಶ್ನೆಗೆ ಹ್ಯೂಮ್‌ನನ್ನು ಬಿಟ್ಟರೆ ನನಗೆ ಬೇರೆ ಗತಿ ಕಾಣುವುದಿಲ್ಲ. ಎರಡನೆಯದನ್ನು ಕಾಂಟ್ ಪೂರ್ತಿ ಬಿಡಿಸಿದ ಅಂತ ಹೇಳಲಾರೆ. ಆದರೆ ಹ್ಯೂಮ್ ಅದರ ಹತ್ತಿರ ಬಂದು ಪಕ್ಕಕ್ಕೆ ಸರಿದ. ಯಾರಿಗೂ ಗೊತ್ತಾಗದ ಹಾಗೆ ಅಷ್ಟಿಷ್ಟು ಮೋಸ ಮಾಡಿ, ಉಳಿದ ಕಡೆ ಚೆನ್ನಾಗಿ ನಡೆದುಕೊಳ್ಳುವ ಚಾಣಾಕ್ಷ ಖದೀಮನ ಬಗ್ಗೆ 1751ರಲ್ಲಿ ಅವನೇ ಬರೆದ. ಅವನಿಗೆ ಏನು ಹೇಳುವುದು? ಇಂಥದ್ದಕ್ಕೆ ಯಾರ ಮನಸ್ಸು ಹೇಸುವುದಿಲ್ಲವೋ ಅವನನ್ನು ವಾದದಿಂದ ಒಪ್ಪಿಸುವುದು ಕಷ್ಟ ಅಂತ ಪ್ರಾಮಾಣಿಕವಾಗಿ ಒಪ್ಪಿಕೊಂಡ.

ಉಳಿದಿಬ್ಬರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅರಿಸ್ಟಾಟಲ್ ಕೇಳಿದರೆ ಈ ಜಗಳವೇ ಅವನಿಗೆ ವಿಚಿತ್ರ ಅನಿಸುತ್ತಿತ್ತು. ವಾದ್ಯ ನುಡಿಸಿ ನುಡಿಸಿಯೇ ವಾದ್ಯಗಾರ ಆಗುವ ಹಾಗೆ, ನ್ಯಾಯವಾಗಿ ನಡೆದು ನಡೆದೇ ನ್ಯಾಯವಂತ ಆಗುವುದು. ಚೆನ್ನಾಗಿ ಬೆಳೆದವನಲ್ಲಿ ಭಾವನೆ ಬುದ್ಧಿಯ ಮಾತು ಕೇಳುತ್ತದೆ, ಯಾರೂ ಯಾರ ಗುಲಾಮರಲ್ಲ. ಜಾನ್ ಸ್ಟುವರ್ಟ್ ಮಿಲ್‌ಗೆ ಮುಖ್ಯವಾದದ್ದು ಫಲ: ಎಲ್ಲರ ಸುಖ ಜಾಸ್ತಿಯಾಯಿತೋ ಕಡಿಮೆಯಾಯಿತೋ. ಮಿಲ್‌ನ ಸಿದ್ಧಾಂತಕ್ಕಿಂತ ಅವನ ಕಥೆಯೇ ನಿಮ್ಮ ಪ್ರಶ್ನೆಗೆ ಹತ್ತಿರ. ಅಪ್ಪ ಅವನನ್ನು ಬರೀ ತರ್ಕದ ಮೇಲೆ ಬೆಳೆಸಿದ, ಮೂರನೇ ವಯಸ್ಸಿಗೇ ಗ್ರೀಕ್ ಶುರು. ಇಪ್ಪತ್ತಕ್ಕೆ, 1826ರಲ್ಲಿ, ಹುಡುಗ ಕುಸಿದುಹೋದ. ಬಯಸಿದ್ದೆಲ್ಲ ನಡೆದರೂ ನನಗೆ ಸಂತೋಷ ಆಗುತ್ತದಾ ಅಂತ ತನ್ನನ್ನೇ ಕೇಳಿಕೊಂಡ. ಇಲ್ಲ ಅಂತ ಉತ್ತರ ಬಂತು. ಮುಂದೆ ಒಂದು ದಿನ ಯಾರದೋ ಆತ್ಮಕಥೆಯಲ್ಲಿ ಅಪ್ಪ ಸತ್ತ ಭಾಗ ಓದುವಾಗ ಕಣ್ಣಲ್ಲಿ ನೀರು ಬಂದಾಗ, ತಾನಿನ್ನೂ ಮರದ ಕೊರಡಾಗಿಲ್ಲ ಅಂತ ಅವನಿಗೆ ಸಮಾಧಾನವಾಯಿತು.

ಇನ್ನು ಸುಳ್ಳಿನ ವಿಷಯ. ಬಾಗಿಲಿಗೆ ಬಂದ ಕೊಲೆಗಾರನ ಕಥೆ ಇರುವುದು ಕಾಂಟ್‌ನ 1797ರ ಒಂದು ಪ್ರಬಂಧದಲ್ಲಿ: ಗೆಳೆಯ ನಿನ್ನ ಮನೆಯಲ್ಲಿ ಅಡಗಿದ್ದಾನೆ, ಅವನನ್ನು ಕೊಲ್ಲಲು ಬಂದವನು ಅವನು ಒಳಗಿದ್ದಾನಾ ಅಂತ ನಿನ್ನನ್ನು ಕೇಳುತ್ತಾನೆ. ಕಾಂಟ್‌ಗೆ ಆಗ ಎಪ್ಪತ್ತಮೂರು. ನಿಜ ತಿಳಿಯುವ ಹಕ್ಕು ಇರುವವನಿಗೆ ಮಾತ್ರ ನಿಜ ಹೇಳುವ ಹಂಗು ಇರುವುದು, ಕೊಲೆಗಾರನಿಗೆ ಯಾವ ಹಕ್ಕು ಅಂತ ಫ್ರೆಂಚ್ ಲೇಖಕ ಬೆಂಜಮಿನ್ ಕಾನ್‌ಸ್ಟಾಂಟ್ ಕೆಣಕಿದ್ದ. ಮುದುಕ ಬಗ್ಗಲಿಲ್ಲ. ಗೆಳೆಯ ಒಳಗಿಲ್ಲ ಅಂತ ನೀನು ಸುಳ್ಳು ಹೇಳುತ್ತೀಯ. ಅವನು ಅಷ್ಟರಲ್ಲಿ ನಿನಗೆ ಗೊತ್ತಿಲ್ಲದೆ ಹಿಂದಿನಿಂದ ಹೊರಗೆ ಹೋಗಿದ್ದರೆ? ಕೊಲೆಗಾರ ಬೀದಿಯಲ್ಲಿ ಅವನನ್ನು ಹಿಡಿದರೆ? ಆ ಸಾವಿನಲ್ಲಿ ನಿನ್ನ ಪಾಲೂ ಇದೆ ಅಂದ. ನನಗೆ ಇದು ಯಾವತ್ತೂ ಒಪ್ಪಿಗೆಯಾಗಿಲ್ಲ. ನಮ್ಮಲ್ಲೇ ಇದಕ್ಕೆ ಹಳೆಯ ಉತ್ತರ ಇದೆ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವನ್ನೇ ಹೇಳುತ್ತೇನೆ ಅಂತ ವ್ರತ ಹಿಡಿದ ಮುನಿ ಅವನು. ಜೀವ ಉಳಿಸಿಕೊಳ್ಳಲು ಓಡಿದವರು ಎಲ್ಲಿ ಅಡಗಿದ್ದಾರೆ ಅಂತ ಕಳ್ಳರಿಗೆ ತೋರಿಸಿಕೊಟ್ಟ. ಅವರು ಸತ್ತರು, ಇವನು ನರಕಕ್ಕೆ ಹೋದ.

ಆದರೆ ನಿಮ್ಮ ಮನೆಯ ಬಾಗಿಲಲ್ಲಿ ನಿಂತಿರುವುದು ಕೊಲೆಗಾರನಲ್ಲ. ಆದ್ದರಿಂದ ಆ ಪ್ರಬಂಧ ಬಿಡಿ, ಒಂದು ಕಾಗದ ನೋಡೋಣ. 1791ರಲ್ಲಿ ಆಸ್ಟ್ರಿಯಾದ ಕ್ಲಾಗನ್‌ಫರ್ಟ್‌ನಿಂದ ಮಾರಿಯಾ ಫಾನ್ ಹರ್ಬರ್ಟ್ ಅನ್ನೋ ಹೆಂಗಸು ಕಾಂಟ್‌ಗೆ ಬರೆದಳು, ನೀವು ನನಗೆ ಬರೆದ ಹಾಗೆ. ಭಕ್ತರು ದೇವರನ್ನು ಕರೆಯುವ ಹಾಗೆ ನಿಮ್ಮನ್ನು ಕರೆಯುತ್ತಿದ್ದೇನೆ ಅಂತ ಶುರು. ಪ್ರೀತಿಸಿದವನಿಂದ ಒಂದು ವಿಷಯ ಮುಚ್ಚಿಟ್ಟಿದ್ದಳು. ಆಮೇಲೆ ತಾನೇ ಹೇಳಿಬಿಟ್ಟಳು. ಅವನು ತಣ್ಣಗಾಗಿಹೋದ. ಈಗ ಬದುಕೇ ಬೇಡವಾಗಿದೆ, ಏನು ಮಾಡಲಿ? ಮುಂದಿನ ವರ್ಷ ಕಾಂಟ್ ಉದ್ದದ ಉತ್ತರ ಬರೆದ: ಒಂದಿಷ್ಟು ಪಾಠ, ಒಂದಿಷ್ಟು ದಂಡನೆ, ಒಂದಿಷ್ಟು ಸಾಂತ್ವನ. ಎಲ್ಲವನ್ನೂ ಬಿಚ್ಚಿ ಹೇಳದೆ ಇರುವುದು ಬೇರೆ, ಇಲ್ಲದ್ದನ್ನು ಹೇಳುವುದು ಬೇರೆ ಅಂತ ಅದರಲ್ಲಿ ಗೆರೆ ಎಳೆದ. ಮೊದಲನೆಯದು ಮನುಷ್ಯರ ಮಿತಿ, ಅದನ್ನು ತಾಳಿಕೊಳ್ಳಬಹುದು. ಎರಡನೆಯದು ಯಾರಿಗೂ ಕೆಡುಕಾಗದಿದ್ದರೂ ತಪ್ಪು.

ಪಾಠ ಸರಿಯಾಗೇ ಇತ್ತು. ಆಕೆಗೆ ಅದು ಮುಟ್ಟಲಿಲ್ಲ. 1793ರಲ್ಲಿ ಮತ್ತೆ ಬರೆದಳು: ನೀತಿಯಾಗಿ ನಡೆಯುವುದು ನನಗೆ ಕಷ್ಟವೇ ಇಲ್ಲ, ಆದರೆ ಒಳಗೆಲ್ಲ ಖಾಲಿ. ಕಾಂಟ್ ಅದಕ್ಕೆ ಉತ್ತರ ಬರೆಯಲಿಲ್ಲ. ಕಾಗದಗಳನ್ನು ಪರಿಚಯದ ಮನೆಯ ಹುಡುಗಿಯೊಬ್ಬಳಿಗೆ ಕಳಿಸಿ, ಕಲ್ಪನೆಯ ಬೆನ್ನು ಹತ್ತಿದರೆ ಹೀಗಾಗುತ್ತದೆ ನೋಡು ಅಂದ. ಹತ್ತು ವರ್ಷದ ಮೇಲೆ ಆಕೆ ತನ್ನ ಬದುಕನ್ನು ತಾನೇ ಮುಗಿಸಿಕೊಂಡಳು. ಆ ಎರಡನೇ ಕಾಗದ ಹ್ಯೂಮ್ ಕೈಗೆ ಸಿಕ್ಕಿದ್ದರೆ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಅವನು 1776ರಲ್ಲೇ ತೀರಿಕೊಂಡಿದ್ದ.

ಈಗ ನಿಮ್ಮ ಅತ್ತೆ. ನಿಮ್ಮ ಮನೆಯವರು ಹೇಳುವ ಮಾತಿನಲ್ಲಿ ಎರಡು ತುಂಡುಗಳಿವೆ. 'ಗಡ್ಡೆ ಇದೆ' ಅನ್ನೋದು ನಿಜ, ಪೂರ್ತಿ ನಿಜವಲ್ಲ ಅಷ್ಟೇ. ಇದು ಕಾಂಟ್ ಎಳೆದ ಗೆರೆಯ ಅಂಚಿನಲ್ಲಿದೆ. 'ವಾಸಿಯಾಗುತ್ತೆ' ಅನ್ನೋದು ನಿಮಗೇ ಗೊತ್ತಿಲ್ಲದ ಮಾತು. ಅದು ಗೆರೆಯ ಆಚೆಗಿದೆ. ಕಾಂಟ್‌ನ ಆಕ್ಷೇಪ ಬರೀ ಸುಳ್ಳು ಅನ್ನೋದಕ್ಕಲ್ಲ. ಮನುಷ್ಯರನ್ನು ಬರೀ ಸಾಧನವಾಗಿ ನೋಡಬಾರದು, ಅವರ ಗುರಿ ಅವರದ್ದು ಅನ್ನೋದು ಅವನ ಇನ್ನೊಂದು ಮಾತು. ಅತ್ತೆಗೆ ಯಾರನ್ನೋ ನೋಡಬೇಕು ಅಂತ ಇರಬಹುದು. ಒಡವೆ ಯಾರಿಗೆ ಅಂತ ಹೇಳುವುದು ಇರಬಹುದು. ಇನ್ನೊಂದು ಕೀಮೋ ಬೇಡವೇ ಬೇಡ ಅನ್ನೋದೂ ಇರಬಹುದು. ಆ ತೀರ್ಮಾನಗಳನ್ನೆಲ್ಲ ನೀವು, ಪ್ರೀತಿಯಿಂದಲೇ, ಅವರ ಕೈಯಿಂದ ತೆಗೆದುಕೊಂಡಿದ್ದೀರಿ.

ಹ್ಯೂಮ್ ನಿಮ್ಮ ಮೇಲೆ ಇಷ್ಟು ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಆದರೆ ಅವನನ್ನು ನಿಮ್ಮ ಪರ ಅಂತ ಬರೆದುಕೊಳ್ಳಲೂಬೇಡಿ. ನಿಮ್ಮ ಜಾಗ ಬಿಟ್ಟು ಬಂದು ನೋಡಿ ಅಂತ ಅವನೂ ಹೇಳುತ್ತಾನೆ. ಈ ಮಾತು ಮುಚ್ಚಿಟ್ಟದ್ದರಿಂದ ಕಡಿಮೆಯಾಗುತ್ತಿರುವುದು ಯಾರ ನೋವು? ಅವರದ್ದಾ, ಅವರ ಮುಖ ನೋಡಲಾಗದ ನಿಮ್ಮದಾ? ಪ್ರಾಮಾಣಿಕವಾಗಿ ಕೇಳಿಕೊಂಡರೆ ಎರಡೂ ಬೆರೆತಿರುತ್ತವೆ. ನಮ್ಮ ಮನೆಯಲ್ಲೂ ಒಮ್ಮೆ ಹೀಗೇ ಆಗಿತ್ತು. ನಾವು ಮುಚ್ಚಿಟ್ಟದ್ದು ಅಪ್ಪನಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು, ನಮಗೆ ಬೇಜಾರಾಗದಿರಲಿ ಅಂತ ಅವರೂ ನಟಿಸುತ್ತಿದ್ದರು.

ಹಾಗಂತ ನಾಳೆ ಬೆಳಿಗ್ಗೆ ರಿಪೋರ್ಟ್ ತೆಗೆದು ಅವರ ಮುಂದೆ ಓದಿ ಅಂತ ಹೇಳುತ್ತಿಲ್ಲ. ಚಿಕಿತ್ಸೆ ಕೊಡುವ ಡಾಕ್ಟರ ಹತ್ತಿರ ಮೊದಲು ಮಾತಾಡಿ. 'ವಾಸಿಯಾಗುತ್ತೆ' ಅನ್ನೋ ಮಾತನ್ನು ಇವತ್ತಿನಿಂದ ನಿಲ್ಲಿಸಿ. ಆಮೇಲೆ, ಮನೆಯಲ್ಲಿ ಜನ ಕಡಿಮೆ ಇರುವ ಹೊತ್ತು ನೋಡಿಕೊಂಡು, "ಅತ್ತೆ, ಡಾಕ್ಟರು ಹೇಳಿದ್ದನ್ನೆಲ್ಲ ನಿಮಗೆ ಹೇಳಲಾ, ಅಥವಾ ನಾವೇ ನೋಡಿಕೊಳ್ಳಲಾ?" ಅಂತ ಕೇಳಿ. ನೀವೇ ನೋಡಿಕೊಳ್ಳಿ, ನನಗೇನೂ ಹೇಳಬೇಡಿ ಅಂತ ಅವರೇ ಅಂದರೆ ಸುಮ್ಮನಿರಿ. ಅದು ಅವರ ತೀರ್ಮಾನ, ಅದಕ್ಕೆ ಕಾಂಟ್ ತಕರಾರೂ ಇರಲಾರದು. ಹೇಳು ಅಂದರೆ ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿ. ಹೇಳಿದ ಮೇಲೆ ತಕ್ಷಣ ಎದ್ದು ಬರಬೇಡಿ.